ನೆಲ ತೋರಿಸುವವರು

ನಮ್ಮ ಜಿಮ್ಮಿನಲ್ಲಿ ಇತ್ತೀಚೆಗೆ ಒಂದು ಹೊಸ ಕಾಟ ಶುರುವಾಗಿದೆ. ಸ್ಪಾರಿಂಗ್ ಅಂದರೆ ಅಭ್ಯಾಸದ ಕಾದಾಟ, ಹಗುರವಾಗಿ ಮಾಡಿ ಅಂತ ಕೋಚ್ ಬಾಯಿಬಿಟ್ಟು ಹೇಳಿರುತ್ತಾರೆ. ಬೆಲ್ ಹೊಡೆಯಲು ಇನ್ನೇನು ಹತ್ತು ಸೆಕೆಂಡು ಇದೆ ಅನ್ನುವಾಗ ಎದುರಿಗಿರುವ ಹುಡುಗ ಥಟ್ಟನೆ ನಿಂತು, ಗ್ಲೌಸ್ ಹಾಕಿದ ಕೈಯಿಂದ ನೆಲ ತೋರಿಸಿ, ಮೌತ್‌ಗಾರ್ಡಿನ ಸಂದಿಯಿಂದ ‘ಬನ್ನಿ ಸರ್’ ಅನ್ನುತ್ತಾನೆ. ಹೊಡೆದಾಟಕ್ಕೆ ಕರೆಯುವಾಗಲೂ ಬಹುವಚನ. ಮನೆಯಲ್ಲಿ ಚೆನ್ನಾಗಿ ಬೆಳೆಸಿದ್ದಾರೆ. ಆಮೇಲೆ ಕಣ್ಣು ಮುಚ್ಚಿಕೊಂಡು ಎರಡೂ ಕೈ ಬೀಸುತ್ತಾನೆ.

ಇದರ ಮೂಲ 2024ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಯುಎಫ್‌ಸಿ 300 ಎಂಬ ಮಿಶ್ರ ಸಮರಕಲೆ (ಎಂಎಂಎ) ಕೂಟ. ಅಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರದ ತಿಂಡಿ ಹೊತ್ತು. ಮ್ಯಾಕ್ಸ್ ಹಾಲೊವೇ ಎದುರು ಜಸ್ಟಿನ್ ಗೇಚಿ. ಮೊದಲ ಸುತ್ತು ಮುಗಿಯುವಾಗಲೇ ಹಾಲೊವೇಯ ಒದೆತಕ್ಕೆ ಗೇಚಿಯ ಮೂಗು ಮುರಿದಿತ್ತು. ಐದನೇ ಸುತ್ತಿನ ಕೊನೆಯ ಹತ್ತು ಸೆಕೆಂಡು ಉಳಿದಾಗ ಹಾಲೊವೇ ಅಂಕಗಳಲ್ಲಿ ಮುಂದಿದ್ದ. ಸುಮ್ಮನೆ ಅತ್ತಿತ್ತ ಓಡಾಡಿಕೊಂಡಿದ್ದರೂ ಗೆಲುವು ಅವನದೇ. ಆದರೆ ಅವನು ನಡುಮಧ್ಯೆ ನಿಂತು ನೆಲ ತೋರಿಸಿದ. ಗೇಚಿ ಬಂದ. ಇಬ್ಬರೂ ಬೀಸಿದರು. 4 ನಿಮಿಷ 59ನೇ ಸೆಕೆಂಡಿಗೆ ಗೇಚಿ ಮುಖ ಅಡಿಯಾಗಿ ಬಿದ್ದ. ನಾನು ಕೂತಲ್ಲಿಂದ ಎದ್ದು ಕಿರುಚಿದ್ದಕ್ಕೆ ಅಡುಗೆಮನೆಯಿಂದ ಯಾರಿಗೆ ಏನಾಯಿತು ಎಂಬ ವಿಚಾರಣೆ ಬಂತು.

ಇಂಥ ಕಾದಾಟ ನನಗೆ ಇಷ್ಟವೇ. ತಕರಾರು ಇರುವುದು ಅದನ್ನು ಬರೀ ಹುಚ್ಚು ಧೈರ್ಯ ಎಂದುಕೊಂಡವರ ಜೊತೆ. ಗೇಚಿಯನ್ನೇ ನೋಡಿ. ಮುಂಗಾಲಿನ ಮೇಲೆ ಪೂರ್ತಿ ಭಾರ ಹಾಕಿ, ಸೊಂಟ ತಿರುಗಿಸಿ, ಬಿದ್ದರೆ ಬೀಳಲಿ ಅನ್ನುವಂತೆ ಹೊಡೆಯುತ್ತಾನೆ. ಬೇರೆ ಯಾರಾದರೂ ಹಾಗೆ ನಿಂತರೆ ಎದುರಾಳಿ ಕಾಲಿಗೆ ನುಗ್ಗಿ ಎತ್ತಿ ಕೆಡವುತ್ತಾನೆ. ಆದರೆ ಗೇಚಿ ನಾರ್ದರ್ನ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆಲ್-ಅಮೆರಿಕನ್ ಗೌರವ ಪಡೆದಿದ್ದ ಕುಸ್ತಿಪಟು. ಆ ಕುಸ್ತಿಯನ್ನು ಅವನು ಯಾರನ್ನೋ ಕೆಡವಲು ಬಳಸುವುದೇ ಅಪರೂಪ. ತಾನು ಬೀಳದಿರಲು ಇಟ್ಟುಕೊಂಡಿದ್ದಾನೆ. ಎಲ್ಲವನ್ನೂ ಪಣಕ್ಕೆ ಒಡ್ಡಿದಂತೆ ಕಾಣುವ ಜೂಜುಗಾರನ ಸೊಂಟದಲ್ಲಿ ಊರಿಗೆ ಹೋಗುವ ಬಸ್ಸಿನ ದುಡ್ಡು ಭದ್ರವಾಗಿರುತ್ತದೆ. ಅದನ್ನು ಕಿತ್ತುಕೊಳ್ಳಲು 2020ರಲ್ಲಿ ಅಬುಧಾಬಿಗೆ ಖಬೀಬ್ ನುರ್ಮಗೊಮೆಡೊವ್ ಬರಬೇಕಾಯಿತು. ಎರಡನೇ ಸುತ್ತಿನಲ್ಲಿ ಕೆಡವಿ, ಕಾಲುಗಳ ಮಧ್ಯೆ ಕತ್ತು ಸಿಕ್ಕಿಸಿ, ಪ್ರಜ್ಞೆ ತಪ್ಪಿಸಿದ.

ನಮ್ಮ ಹುಡುಗರ ಸೊಂಟದಲ್ಲಿ ಏನೂ ಇಲ್ಲ. ಅವರು ಕಲಿತಿರುವುದು ಬೀಸುವುದನ್ನು ಮಾತ್ರ. ಕೇಳಿದರೆ ಬ್ರೆಜಿಲ್‌ನ ಶೂಟ್ ಬಾಕ್ಸ್ ಪಾಳೆಯದ ಹೆಸರು ಹೇಳುತ್ತಾರೆ: ಕುರಿಚಿಬಾ ನಗರದ ಆ ಜಿಮ್ಮಿನಲ್ಲಿ ಸ್ಪಾರಿಂಗ್ ಅಂದರೆ ಯುದ್ಧವಂತೆ, ವಾಂಡರ್ಲೆ ಸಿಲ್ವಾ ಹಾಗೇ ತಯಾರಾದನಂತೆ. ಹೌದು, ಆಗಿದ್ದ. ಜಪಾನಿನ ಪ್ರೈಡ್ ಪಂದ್ಯಗಳಲ್ಲಿ ಬಿದ್ದವನ ತಲೆಗೆ ಒದೆಯಲು, ತುಳಿಯಲು ಅನುಮತಿ ಇದ್ದ ಕಾಲ ಅದು. ಸಪ್ಪೆಯಾಗಿ ಆಡಿದವನಿಗೆ ಹಳದಿ ಕಾರ್ಡ್ ತೋರಿಸಿ ಸಂಭಾವನೆಯಲ್ಲಿ ಶೇ. 10 ಮುರಿದುಕೊಳ್ಳುತ್ತಿದ್ದರು. ಸಿಲ್ವಾ ಮಣಿಕಟ್ಟು ತಿರುಗಿಸುತ್ತಾ ದಿಟ್ಟಿಸಿ ನಿಂತರೆ ನೋಡುವ ನಮಗೇ ಗಂಟಲು ಒಣಗುತ್ತಿತ್ತು. ಆದರೆ ಅದೇ ಸಿಲ್ವಾ ಆಮೇಲೆ ತನ್ನ ಮಿದುಳಿಗೆ ಪೆಟ್ಟಾಗಿರುವ ಲಕ್ಷಣಗಳ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾನೆ, ಮಿದುಳನ್ನು ಸಂಶೋಧನೆಗೆ ದಾನ ಮಾಡುವ ಮಾತಾಡಿದ್ದಾನೆ. ಆ ವಿಡಿಯೊವನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ. ಇನ್ನು ಇವರು ನಕಲು ಮಾಡುವ ಹಾಲೊವೇ? 2021ರಲ್ಲಿ ಕ್ಯಾಲ್ವಿನ್ ಕ್ಯಾಟರ್‌ಗೆ 445 ಪ್ರಮುಖ ಹೊಡೆತ ಹೊಡೆದು ಯುಎಫ್‌ಸಿ ದಾಖಲೆ ಮಾಡಿದಾಗ, ತಯಾರಿಯಲ್ಲಿ ಸ್ಪಾರಿಂಗನ್ನೇ ಬಿಟ್ಟಿದ್ದೆ ಅಂದವನು ಅವನು. ಮಂಗಳವಾರ ಸಂಜೆ ಆಫೀಸಿನಿಂದ ಬಂದು, ಬುಧವಾರ ಬೆಳಿಗ್ಗೆ ಮತ್ತೆ ಆಫೀಸಿಗೆ ಹೋಗಬೇಕಾದವನ ಕಿವಿಯ ಮೇಲೆ ಬಲವೆಲ್ಲ ಸುರಿದು ಹೊಡೆಯುವುದು ಯಾವ ಶೈಲಿಯೂ ಅಲ್ಲ. ಅದು ಲಫಂಗತನ. ಹೊಡೆದ ಮೇಲೆ ‘ಸಾರಿ ಸರ್’ ಬೇರೆ.

ಇರಲಿ. ನನಗೆ ನಿಜವಾಗಿ ಹೇಳಬೇಕಿರುವುದು ಶಿಫ್ಟ್ ಎಂಬ ಪಟ್ಟಿನ ಬಗ್ಗೆ. ಎಡಗಾಲು ಮುಂದಿಟ್ಟು ಬಲಗೈ ಬೀಸುತ್ತೀರಿ. ಎದುರಾಳಿ ಒಂದು ಹೆಜ್ಜೆ ಹಿಂದೆ ಸರಿದ. ಹೊಡೆತ ಗಾಳಿಗೆ ಹೋಯಿತು. ಎಲ್ಲರೂ ಇಲ್ಲಿ ಕೈ ಎಳೆದುಕೊಂಡು ಮೊದಲಿನ ಜಾಗಕ್ಕೆ ಮರಳುತ್ತಾರೆ. ಮರಳಬೇಡಿ. ಮುಷ್ಟಿಯ ಹಿಂದೆಯೇ ಬಲಗಾಲೂ ಮುಂದಕ್ಕೆ ಬರಲಿ. ಅವನು ಬಿಟ್ಟ ಜಾಗವನ್ನು ನೀವು ತುಂಬಿದ್ದೀರಿ. ಇಷ್ಟು ಹೊತ್ತು ಜಾಬ್ ಚುಚ್ಚಿಕೊಂಡಿದ್ದ ಎಡಗೈ ಈಗ ಹಿಂಗೈಯಾಗಿದೆ, ಅದರ ಬೆನ್ನಿಗೆ ಇಡೀ ಸೊಂಟವಿದೆ. ತಪ್ಪಿದ ಹೊಡೆತವೇ ಹೆಜ್ಜೆಯಾಗುವ ಈ ಸುಖ ಚೀಲಕ್ಕೆ ಗುದ್ದುವಾಗಲೂ ಮೈ ಜುಮ್ಮೆನಿಸುತ್ತದೆ. ಆದರೆ ನಮ್ಮ ಕೋಚ್‌ಗೆ ಇದು ಕಂಡರಾಗದು. ಎರಡೂ ಪಾದ ಸಮಕ್ಕೆ ಬರುವ ಆ ಕ್ಷಣ ಎದೆ ಪೂರ್ತಿ ತೆರೆದಿರುತ್ತದೆ. ನೇರ ಗುದ್ದು ಬಂದರೆ ಕೂತುಬಿಡುತ್ತೀರಿ ಅನ್ನುತ್ತಾರೆ. ಅದು ನಿಜವೇ. ಅದಕ್ಕೇ ಶಿಫ್ಟನ್ನು ಎದುರಾಳಿ ಹಿಂದೆ ಹೋಗುತ್ತಿರುವಾಗ ಮಾತ್ರ ಮಾಡಬೇಕು; ಹಿಮ್ಮಡಿಯ ಮೇಲೆ ಭಾರವಿರುವವನ ಗುದ್ದಿನಲ್ಲಿ ಶಕ್ತಿಯಿರುವುದಿಲ್ಲ.

ಬಾಕ್ಸರ್ ಬಾಬ್ ಫಿಟ್ಸಿಮನ್ಸ್ ಇದನ್ನು 1897ರ ಮಾರ್ಚ್ 17ರಂದು ನೆವಾಡಾದ ಕಾರ್ಸನ್ ಸಿಟಿಯಲ್ಲಿ ತೋರಿಸಿಕೊಟ್ಟ. ಅವನು ನ್ಯೂಜಿಲೆಂಡ್‌ನಲ್ಲಿ ಕಮ್ಮಾರಿಕೆ ಮಾಡಿದವನು, ಹೆವಿವೇಟ್‌ಗೆ ತೀರ ಹಗುರ. ಎದುರಿಗಿದ್ದ ಚಾಂಪಿಯನ್ ಜಿಮ್ ಕಾರ್ಬೆಟ್ ಹಿಂದೆ ಬ್ಯಾಂಕಿನಲ್ಲಿ ಗುಮಾಸ್ತ, ಪಾದಚಲನೆಯಲ್ಲಿ ಆ ಕಾಲದ ಮೇಷ್ಟ್ರು. ಆರನೇ ಸುತ್ತಿನಲ್ಲಿ ಕಮ್ಮಾರ ನೆಲಕ್ಕೂ ಬಿದ್ದಿದ್ದ. ಹದಿನಾಲ್ಕನೆಯದರಲ್ಲಿ ಕಾಲು ಬದಲಿಸಿ, ಎದೆಗೂಡಿನ ಕೆಳಗಿನ ಗುಳಿಗೆ ಎಡಗೈ ಇಳಿಸಿದ. ಕಾರ್ಬೆಟ್‌ಗೆ ಉಸಿರೇ ಸಿಗಲಿಲ್ಲ. ಹತ್ತು ಎಣಿಸುವುದರೊಳಗೆ ಏಳಲಾಗಲಿಲ್ಲ. ಆ ಪಂದ್ಯವನ್ನು ಇಡಿಯಾಗಿ ಚಿತ್ರೀಕರಿಸಿದ್ದರು, ಒಂದೂವರೆ ಗಂಟೆಗೂ ಮಿಕ್ಕಿದ ಸಿನಿಮಾ. ಈಗ ತುಣುಕುಗಳಷ್ಟೇ ಉಳಿದಿವೆ.

ಇದನ್ನೆಲ್ಲ ಕೋಚ್‌ಗೆ ಹೇಳಿದೆ. ಅವರು ಹ್ಯಾಂಡ್‌ರ‍್ಯಾಪ್ ಸುತ್ತುತ್ತಾ, ‘ಆಗ ಕಾಲು ಹಿಡಿದು ಕೆಡವೋ ಹಾಗಿರಲಿಲ್ಲ ಸಾರ್, ಇಲ್ಲಿ ಕೆಡವ್ತಾರೆ’ ಅಂದರು. ಹಿಂದೆ ಸರಿಯುತ್ತಾ ಬೆನ್ನು ಕೇಜಿಗೆ ತಾಗಿದವನು ಹೇಗೆ ಕೆಡವುತ್ತಾನೆ ಎಂದು ನಾನು ಕೇಳಿದೆ. ‘ಕೇಜಿನವರೆಗೆ ಅವನನ್ನ ತಳ್ಳಿಕೊಂಡು ಹೋಗೋದು ಹೇಗೆ, ಅದನ್ನ ತೋರಿಸಿ’ ಅಂದರು. ವಾದ ಸದ್ಯಕ್ಕೆ ಅಲ್ಲಿಗೆ ನಿಂತಿದೆ.