ಎರಡು ಅಂಗುಲದ ರಾಜಿ

ಕುರುಬರಹಳ್ಳಿ ಎಂದರೆ ಬೆಂಗಳೂರಿನ ಬಹಳ ಮಂದಿಗೆ ಸಿಟಿ ಬಸ್ಸಿನ ಬೋರ್ಡಿನ ಮೇಲಿನ ಒಂದು ಹೆಸರು, ಅಷ್ಟೇ. ಹೆಸರಿನಲ್ಲಿ ಕುರುಬರಿದ್ದಾರೆ, ಹಳ್ಳಿಯಿದೆ. ಆದರೆ ಈಗ ಕುರಿಗಳೂ ಇಲ್ಲ, ಹಳ್ಳಿಯೂ ಇಲ್ಲ. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಬಸವೇಶ್ವರನಗರ ಮೂರೂ ಬೆಳೆದು ಬಂದು ನಮ್ಮನ್ನು ನಡುವೆ ಹಿಡಿದುಕೊಂಡಿವೆ. ಪೀಣ್ಯ, ಕಾಮಾಕ್ಷಿಪಾಳ್ಯಗಳಂಥ ಕೈಗಾರಿಕೆಯ ಕೇರಿಗಳು ದೂರವಿಲ್ಲದ್ದರಿಂದ ನಮ್ಮಲ್ಲಿ ಎಷ್ಟೋ ಮನೆಗಳ ಮೇಲಂತಸ್ತಿನಲ್ಲಿ ಸಂಸಾರ, ಕೆಳಗಿನಂತಸ್ತಿನಲ್ಲಿ ಲೇತು. ಮೇಲೆ ಒಗ್ಗರಣೆ ಚಟಪಟ ಎನ್ನುವಾಗ ಕೆಳಗೆ ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿರುತ್ತದೆ.

ನಮ್ಮ ಬೀದಿಯ ಕೊನೆಗೆ ಇಂಥದೇ ಒಂದು ಷೆಡ್ಡು. ಅದರ ಮೇಸ್ತ್ರಿಗೆ ಅರವತ್ತು ದಾಟಿದೆ. ಹೊಸ ಕಾರುಗಳನ್ನು ಅವರು ಮುಟ್ಟುವುದಿಲ್ಲ. 'ಅವಕ್ಕೆ ಕಂಪ್ಯೂಟರ್ ಬೇಕು ಮೇಷ್ಟ್ರೇ, ನನ್ನ ಹತ್ರ ಕಿವಿ ಮಾತ್ರ ಇದೆ' ಎನ್ನುತ್ತಾರೆ. ಜೀಪು, ಟೆಂಪೊ, ಹಳೆಯ ಲಾರಿ ಇವಷ್ಟೇ ಅವರ ಪ್ರಪಂಚ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ನನಗೆ ಬೆಳಗಿನ ಪೇಪರು ಓದಲು ಆ ಷೆಡ್ಡಿನ ಮುಂದಿನ ಮುರುಕು ಬೆಂಚಿಗಿಂತ ಒಳ್ಳೆಯ ಜಾಗ ಸಿಕ್ಕಿಲ್ಲ. ಪಾಠ ಮಾಡುವಾಗ ಕಪ್ಪು ಹಲಗೆಯ ಮೇಲೆ ಗೆರೆಗಳಾಗಿದ್ದ ಬಲ, ಭ್ರಮಣ, ಘರ್ಷಣೆಗಳೆಲ್ಲ ಇಲ್ಲಿ ಗ್ರೀಸು ಮೆತ್ತಿಕೊಂಡು ಕೈಗೆ ಸಿಗುತ್ತವೆ.

ಹೋದ ಬೇಸಿಗೆಯಲ್ಲಿ ನನ್ನ ಅಕ್ಕನ ಮಗ ಸಕಲೇಶಪುರದ ಕಡೆಯಿಂದ ಜೀಪು ತಂದ. ಜೀಪು ನನ್ನ ಭಾವನದು. ಭಾವ ತೀರಿಕೊಂಡ ಮೇಲೆ ಕಾಫಿ ಕಣದ ಪಕ್ಕದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಮಹೀಂದ್ರದವರು 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರುಮಾಡಿದರಲ್ಲ, ಅದೇ ಮನೆತನದ ಸಿ.ಜೆ. 3ಬಿ ಎಂಬ ಗಿಡ್ಡ ಜೀಪು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 80 ಅಂಗುಲ ಮಾತ್ರ. ಮಲೆನಾಡಿನಲ್ಲಿ ಇಂಥ ಜೀಪು ವಾಹನವಲ್ಲ, ಮನೆಯ ಆಳು. ಗೊಬ್ಬರ ಹೊರುತ್ತದೆ, ಮದುವೆಗೆ ಹೋಗುತ್ತದೆ, ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ. ನನ್ನ ಅಳಿಯ ಅದನ್ನು ರಿಪೇರಿ ಮಾಡಿಸಿ ಓಡುವ ಹಾಗೆ ಮಾಡಿದ್ದು ಸಂತೋಷದ ವಿಷಯವೇ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಈಗಿನ ಹುಡುಗರ ಹಂಬಲದಂತೆ ಜೀಪನ್ನು ಎತ್ತರಿಸಿದ. ಕಮಾನಿಗೆ ಹೆಚ್ಚಿನ ಪಟ್ಟಿ ಹಾಕಿಸಿ ಎರಡು ಅಂಗುಲ, ಕಮಾನಿನ ಹಿಂದಿನ ತುದಿ ನೇತಾಡುವ ಶಾಕಲ್ಲನ್ನು ಉದ್ದ ಮಾಡಿಸಿ ಇನ್ನೆರಡು ಅಂಗುಲ, ಒಟ್ಟು ನಾಲ್ಕು ಅಂಗುಲ. ಜೀಪು ಬಂದು ನಿಂತಾಗ ನಮ್ಮ ಬೀದಿಯ ಮಕ್ಕಳೆಲ್ಲ ಸುತ್ತ ಸೇರಿದರು. ಅಕ್ಕನೂ ಜೊತೆಗೆ ಬಂದಿದ್ದಳು. ಅವಳು ಇಳಿಯುವ ಮೊದಲು ಅಳಿಯ ಹಿಂದಿನಿಂದ ಒಂದು ಮರದ ಸ್ಟೂಲು ತೆಗೆದು ನೆಲಕ್ಕಿಟ್ಟ. ಅಡಿಗೆಮನೆಯ ಸ್ಟೂಲು. ಅದಿಲ್ಲದೆ ಅಕ್ಕ ಹತ್ತುವ ಹಾಗೂ ಇಲ್ಲ, ಇಳಿಯುವ ಹಾಗೂ ಇಲ್ಲ.

'ಮಾವ, ಐವತ್ತು ದಾಟಿದರೆ ನಡುಗುತ್ತೆ. ಹಾಸನದಿಂದ ನೆಲಮಂಗಲದವರೆಗೂ ನಲವತ್ತರಲ್ಲೇ ಬಂದೆ' ಎಂದ. ನಾನು ಮೇಸ್ತ್ರಿಯ ಷೆಡ್ಡಿಗೆ ಕರೆದುಕೊಂಡು ಹೋದೆ.

ಮೇಸ್ತ್ರಿ ಬಾನೆಟ್ಟು ತೆಗೆಯಲಿಲ್ಲ. ಜೀಪನ್ನು ಒಂದು ಮಾರು ಮುಂದೆ, ಒಂದು ಮಾರು ಹಿಂದೆ ಬಿಡಲು ಹೇಳಿದರು. ದಿಕ್ಕು ಬದಲಾದಾಗಲೆಲ್ಲ ಕೆಳಗಿನಿಂದ 'ಟಣ್' ಎಂಬ ಸದ್ದು. ಮೆಲ್ಲಗೆ ಓಡುವಾಗ ಗುಬ್ಬಿಮರಿಯಂತೆ ಚಿಕ್ ಚಿಕ್ ಚಿಕ್. 'ಗುಬ್ಬಿ ಕೂಗಿದ್ರೆ ಗ್ರೀಸಿಲ್ಲ ಅಂತ, ಗಂಟೆ ಹೊಡೆದ್ರೆ ಕ್ರಾಸ್ ಹೋಗಿದೆ ಅಂತ' ಎಂದು ಹೇಳಿ ಚಕ್ರಗಳಿಗೆ ಕಲ್ಲು ಕೊಟ್ಟು ಕೆಳಗೆ ಮಲಗಿದರು. ನನ್ನನ್ನೂ ಬಗ್ಗಿ ನೋಡಲು ಕರೆದರು.

ಜೀಪಿನ ಹೊಟ್ಟೆಯ ಕೆಳಗೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಎಂಜಿನ್ನಿನ ಶಕ್ತಿ ಗೇರುಪೆಟ್ಟಿಗೆಗೆ, ಅಲ್ಲಿಂದ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪಾಲು ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಬರುತ್ತದೆ. ಅಲ್ಲಿಂದ ಹಿಂದಿನ ಹೌಸಿಂಗಿಗೆ ಅದನ್ನು ಮುಟ್ಟಿಸುವುದು ಒಂದು ಉಕ್ಕಿನ ಕೊಳವೆ, ಪ್ರೊಪೆಲ್ಲರ್ ಶಾಫ್ಟು. ಟ್ರಾನ್ಸ್‌ಫರ್ ಕೇಸು ಚಾಸಿಗೆ ಅಂಟಿಕೊಂಡಿದೆ. ಹೌಸಿಂಗು ಕಮಾನುಗಳ ಕೆಳಗೆ ರಸ್ತೆಯ ಉಬ್ಬುತಗ್ಗಿಗೆ ಏರಿಳಿಯುತ್ತದೆ. ಒಂದು ತುದಿ ಸ್ಥಿರ, ಇನ್ನೊಂದು ತುದಿ ಕುಣಿಯುವುದು. ಇವೆರಡರ ನಡುವೆ ತಿರುಗುತ್ತಲೇ ಬಾಗಬೇಕಾದ ಕೆಲಸಕ್ಕೆ ಶಾಫ್ಟಿನ ಎರಡು ತುದಿಗೂ ಒಂದೊಂದು ಕೀಲು. ಅದರೊಳಗೆ ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡೇ ಕ್ರಾಸು. ನಾಲ್ಕು ತೋಳು, ನಾಲ್ಕು ತೋಳಿಗೂ ಒಂದೊಂದು ಕಪ್ಪು, ಕಪ್ಪಿನೊಳಗೆ ಸೂಜಿಯಂಥ ಸಣ್ಣ ಉರುಳೆಗಳು. ಏರಿಳಿತಕ್ಕೆ ತಕ್ಕಂತೆ ಕೋಲು ಉದ್ದವೂ ಗಿಡ್ಡವೂ ಆಗಬೇಕಲ್ಲ, ಅದಕ್ಕೆ ನಡುವೆ ಒಂದರೊಳಗೊಂದು ಜಾರುವ ಹಲ್ಲಿನ ಕೊಳವೆ, ಸ್ಪ್ಲೈನು.

ಮೇಲಿನ ಕೀಲಿನ ಕಪ್ಪುಗಳ ಸುತ್ತ ಕುಂಕುಮದಂಥ ಕೆಂಪು ಹುಡಿ ಮೆತ್ತಿತ್ತು. ತುಕ್ಕಾದ ಸೂಜಿಗಳು ಅರೆದು ಹುಡಿಯಾಗಿ ಹೊರಗೆ ಬಂದದ್ದು. ಮೇಸ್ತ್ರಿ ಶಾಫ್ಟಿನ ಎರಡು ತುಂಡುಗಳ ಮೇಲೂ ಉಳಿಯಿಂದ ಒಂದು ಗುರುತು ಹಾಕಿ, ಬೋಲ್ಟು ಬಿಚ್ಚಿ ಕೆಳಗಿಳಿಸಿದರು. ವೈಸಿಗೆ ಹಿಡಿದು ಸರ್ಕ್ಲಿಪ್ಪು ಕಿತ್ತು ಕ್ರಾಸನ್ನು ತಟ್ಟಿ ಹೊರಗೆ ತೆಗೆದರೆ, ಒಂದು ಕಪ್ಪಿನಲ್ಲಿ ಒಂದು ಸೂಜಿಯೂ ಉಳಿದಿಲ್ಲ. ತೋಳಿನ ಮೇಲೆ ಬೆರಳಾಡಿಸಿದರೆ ಸೊಪ್ಪಿನ ಸಾಲು ಮಾಡಿದಂತೆ ಗೀರುಗಳು. ಸ್ಪ್ಲೈನಂತೂ ಅಲ್ಲಾಡುವ ಹಾಲುಹಲ್ಲು.

'ಹೊಸ ಕ್ರಾಸ್ ಹಾಕಿಬಿಡಿ ಮೇಸ್ತ್ರಿ, ಎಷ್ಟಾಗುತ್ತೆ?' ಎಂದ ಅಳಿಯ.

'ಹಾಕಬಹುದು. ಮೂರು ತಿಂಗಳಿಗೆ ಮತ್ತೆ ಬರ್ತೀಯ. ಕಾಯಿಲೆ ಕ್ರಾಸಿನದಲ್ಲ ತಮ್ಮಾ, ಎತ್ತರದ್ದು.'

ಮೇಸ್ತ್ರಿ ಮೊಮ್ಮಗನ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತರಿಸಿದರು. ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ಕಟ್ಟಿದರೆ ಮುಗಿಯಿತು, ಅವರ ಅಳತೆಯ ಯಂತ್ರ ತಯಾರು. ಬಿಚ್ಚಿದ ಶಾಫ್ಟನ್ನು ಇದ್ದ ಜಾಗಕ್ಕೆ ಎತ್ತಿ ಹಿಡಿಸಿ ನೋಡಿದಾಗ ಮೇಲಿನ ಕೀಲಿನ ಓರೆ 22 ಡಿಗ್ರಿ, ಕೆಳಗಿನದು 17. ನಾನು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆ. ಕೋಲು 20 ಅಂಗುಲವೆಂದು ಹಿಡಿದು, ಮೊದಲು ಅದರ ಇಳಿಜಾರು 4 ಅಂಗುಲವಿತ್ತು ಎಂದುಕೊಂಡರೆ ಓರೆ ಹನ್ನೊಂದೂವರೆ ಡಿಗ್ರಿ. ಇಳಿಜಾರು 8 ಅಂಗುಲವಾದರೆ ಓರೆ 22 ಡಿಗ್ರಿ. ಮೇಸ್ತ್ರಿಯ ದಾರವೂ ನನ್ನ ಪೆನ್ಸಿಲ್ಲೂ ಒಂದೇ ಮಾತು ಹೇಳಿದವು. ಲಾರಿಯ ಉದ್ದ ಶಾಫ್ಟಿಗೆ ನಾಲ್ಕು ಅಂಗುಲ ಗೊತ್ತೇ ಆಗುವುದಿಲ್ಲ. ಗಿಡ್ಡ ಜೀಪಿನ ಗಿಡ್ಡ ಕೋಲಿಗೆ ಅದು ಬೆಟ್ಟ. ಅಷ್ಟೇ ಅಲ್ಲ, ಕೋಲು ಒಂದು ಅಂಗುಲಕ್ಕೂ ಹೆಚ್ಚು ಉದ್ದವಾಗಬೇಕಾಗಿ ಬಂದು ಸ್ಪ್ಲೈನಿನ ಹಲ್ಲುಗಳು ಅರ್ಧಂಬರ್ಧ ಕಚ್ಚಿಕೊಂಡಿದ್ದವು.

ಇಲ್ಲಿ ನನ್ನ ಹಳೆಯ ಪಾಠವೊಂದು ನೆನಪಾಯಿತು. ಕಮಾನನ್ನು ಎಷ್ಟು ಎಳೆದರೆ ಅಷ್ಟು ಬಲದಿಂದ ಅದು ಮರಳಿ ಎಳೆಯುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಬಿಡಿಸಿ ಹೇಳಿದ. ಹುಕ್ಕನ ನಿಯಮವೆಂದು ಮೂವತ್ತು ವರ್ಷ ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ. ಅದೇ ಮನುಷ್ಯ ಅದಕ್ಕೆ ಎರಡು ವರ್ಷ ಮೊದಲು, 1676ರಲ್ಲಿ, ಸೂರ್ಯನನ್ನು ನೋಡುವ ಒಂದು ಉಪಕರಣದ ವಿವರಣೆಯಲ್ಲಿ ಈ ಕೀಲನ್ನೂ ವರ್ಣಿಸಿದ್ದಾನೆ. ಅವನಿಗಿಂತ ನೂರು ವರ್ಷ ಹಿಂದಿನ ಇಟಲಿಯ ಕಾರ್ಡಾನೊನ ಹೆಸರೂ ಇದಕ್ಕೆ ಅಂಟಿಕೊಂಡಿದೆ. ನನ್ನ ಅಳಿಯ ಜೀಪನ್ನು ಎತ್ತಿದ್ದು ಹುಕ್ಕನ ಕಮಾನಿನಿಂದ, ಪೆಟ್ಟು ತಿಂದದ್ದು ಹುಕ್ಕನ ಕೀಲು.

ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಓರೆಯಾಗಿ ತಿರುಗುವಾಗ ಅದು ಸಮನಾಗಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದಕ್ಕೆ ಧಾವಿಸುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಓರೆ 11 ಡಿಗ್ರಿಯಿದ್ದರೆ ಈ ವೇಗದ ಏರಿಳಿತ ನೂರಕ್ಕೆ 2. ಓರೆ ಎರಡರಷ್ಟಾಗಿ 22 ಮುಟ್ಟಿದರೆ ಏರಿಳಿತ ಎರಡರಷ್ಟಲ್ಲ, ನಾಲ್ಕರಷ್ಟು, ನೂರಕ್ಕೆ 8ರ ಹತ್ತಿರ. ಇದಕ್ಕೆ ಮದ್ದು ಎರಡನೆಯ ಕೀಲು. ಅದೂ ಅಷ್ಟೇ ಓರೆಯಲ್ಲಿದ್ದು, ಎರಡು ಕವೆಗಳೂ ಒಂದೇ ನೇರದಲ್ಲಿದ್ದರೆ ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ಅಳಿಸಿಬಿಡುತ್ತದೆ. ಮೇಸ್ತ್ರಿ ಬಿಚ್ಚುವ ಮೊದಲು ಉಳಿಯಿಂದ ಗುರುತು ಹಾಕಿದ್ದು ಈ ನೇರ ತಪ್ಪದಿರಲೆಂದು. ಒಂದು ಹಲ್ಲು ಆಚೀಚೆ ಕೂರಿಸಿದರೂ ಗಾಡಿ ನಡುಗುತ್ತದೆ. ಉದ್ದ ಶಾಕಲ್ಲು ಕಮಾನಿನ ಹಿಂದಿನ ತುದಿಯನ್ನು ಮಾತ್ರ ಕೆಳಕ್ಕೆ ತಳ್ಳಿ, ಹೌಸಿಂಗಿನ ಮೂತಿಯನ್ನು ಐದು ಡಿಗ್ರಿ ಮೇಲಕ್ಕೆ ತಿರುಗಿಸಿತ್ತು. ಎರಡು ಕೀಲಿಗೂ ಓರೆ ಬೇರೆ ಬೇರೆಯಾಗಿ, ಒಂದರ ತಪ್ಪನ್ನು ಇನ್ನೊಂದು ತುಂಬಿಕೊಡುವ ಸಂಸಾರ ಮುರಿದಿತ್ತು. ಆ ಜೀಪಿನ ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಸೆಕೆಂಡಿಗೆ ಮೂವತ್ತು ಸುತ್ತು, ಅಂದರೆ ಅರವತ್ತು ಜಗ್ಗಾಟ. ಸೂಜಿಗಳು ಹುಡಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

'ಹಾಗಾದರೆ ಪೂರ್ತಿ ನೆಟ್ಟಗೆ ಮಾಡಿಬಿಟ್ಟರೆ?' ಎಂದ ಅಳಿಯ, ಸ್ವಲ್ಪ ಸಿಟ್ಟಿನಿಂದಲೇ.

'ನೆಟ್ಟಗಿದ್ರೂ ಸಾಯುತ್ತೆ. ಸೂಜಿ ಒಂದಿಷ್ಟಾದ್ರೂ ಉರುಳಬೇಕು. ಒಂದೇ ಕಡೆ ಕೂತ್ರೆ ಅಲ್ಲೇ ಗುಳಿ ಬೀಳುತ್ತೆ. ಒಂದೆರಡು ಡಿಗ್ರಿ ಕೊಂಕು ಇರಲೇಬೇಕು.'

ಈ ಮಾತನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಮಕ್ಕಳಿಗೆ ಓದಿ ಹೇಳಿದ್ದು ನೆನಪಿಲ್ಲ. ಆದರೆ ಭೌತಶಾಸ್ತ್ರದ ಪ್ರಕಾರ ಅದು ಅಕ್ಷರಶಃ ನಿಜ.

ಆಮೇಲೆ ಮೇಸ್ತ್ರಿ ಅಳಿಯನನ್ನು ಬೆಂಚಿನ ಮೇಲೆ ಕೂರಿಸಿ ಒಂದು ಪ್ರಶ್ನೆ ಕೇಳಿದರು. 'ನಿಮ್ಮ ತೋಟದಲ್ಲಿ ಇಳಿಜಾರಲ್ಲಿ ಗಾಡಿ ನಿಲ್ಲಿಸ್ತೀಯಲ್ಲ, ಯಾವುದರ ಮೇಲೆ ನಿಂತಿರುತ್ತೆ?'

'ಹ್ಯಾಂಡ್ ಬ್ರೇಕ್ ಮೇಲೆ.'

'ಹ್ಯಾಂಡ್ ಬ್ರೇಕ್ ಎಲ್ಲಿದೆ?'

ಅಳಿಯ ಬಗ್ಗಿ ನೋಡಿದ. ಈ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ಮು ಚಕ್ರಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಈ ಶಾಫ್ಟು ಶುರುವಾಗುವ ಜಾಗದಲ್ಲಿದೆ. ಬ್ರೇಕು ಹಿಡಿಯುವುದು ಶಾಫ್ಟನ್ನು, ಶಾಫ್ಟು ಹಿಡಿಯುವುದು ಚಕ್ರವನ್ನು. ಕೀಲು ಕಳಚಿತೋ, ಹ್ಯಾಂಡ್ ಬ್ರೇಕೂ ಹೋಯಿತು, ಗೇರಿನಲ್ಲಿಟ್ಟು ನಿಲ್ಲಿಸಿದ ಧೈರ್ಯವೂ ಹೋಯಿತು. ಮುಂದಿನ ಚಕ್ರಗಳನ್ನೂ ಸೇರಿಸಿ ನಾಲ್ಕು ಚಕ್ರಕ್ಕೆ ಹಾಕಿದ್ದರೆ ಮಾತ್ರ ಮುಂದಿನ ಶಾಫ್ಟು ಹಿಡಿದೀತು. ಓಡುವಾಗ ಮುಂದಿನ ತುದಿ ಕಳಚಿ ನೆಲಕ್ಕೆ ಚುಚ್ಚಿಕೊಂಡರೆ ಆಗುವುದು ಇನ್ನೂ ದೊಡ್ಡ ಅನಾಹುತ. ಅಕ್ಕನನ್ನು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಕರೆದೊಯ್ಯುವುದು ಇದೇ ಜೀಪಿನಲ್ಲಿ. ಮನೆಯ ಮುಂದಿನ ಇಳಿಜಾರಿನಲ್ಲಿ ಅವಳನ್ನು ಹತ್ತಿಸಿ ಕೂರಿಸಿ, ಗೇಟು ತೆಗೆಯಲು ಅಳಿಯ ಇಳಿದು ಹೋಗುತ್ತಾನೆ. ಅವನು ಅದನ್ನೆಲ್ಲ ಯೋಚಿಸಿರಬೇಕು. ಬಹಳ ಹೊತ್ತು ಮಾತಾಡಲಿಲ್ಲ.

ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, ಸುಪ್ರೀಂ ಕೋರ್ಟೂ 2019ರಲ್ಲಿ ಅದನ್ನು ಎತ್ತಿಹಿಡಿದಿದೆ ಎಂದು ನಾನು ಒಂದು ಮಾತು ಸೇರಿಸಿದೆ. ಮೇಸ್ತ್ರಿ, 'ಅದು ಆರ್‌ಟಿಒ ಆಫೀಸಿನ ಮಾತಾಯ್ತು ಮೇಷ್ಟ್ರೇ, ನಾನು ಕೀಲಿನ ಮಾತು ಹೇಳ್ತೀನಿ' ಎಂದು ತಮ್ಮ ರಾಜಿಸೂತ್ರ ಮುಂದಿಟ್ಟರು. ಉದ್ದ ಶಾಕಲ್ಲು ತೆಗೆದು ಮೊದಲಿನದೇ ಹಾಕುವುದು. ಹೆಚ್ಚಿನ ಪಟ್ಟಿ ಇರಲಿ. ನಾಲ್ಕು ಅಂಗುಲದಲ್ಲಿ ಎರಡು ಉಳಿಯುತ್ತದೆ, ಎರಡು ಹೋಗುತ್ತದೆ. ಹೌಸಿಂಗಿನ ಮೂತಿ ತಾನಾಗಿ ಮೊದಲಿನ ನೇರಕ್ಕೆ ಬರುತ್ತದೆ. ಓರೆ 17 ಡಿಗ್ರಿ, ಎರಡು ಕಡೆಯೂ ಸಮ. ನಾಲ್ಕು ಅಂಗುಲವೇ ಬೇಕೆಂದರೆ ಮೇಲ್ತುದಿಗೆ ಜೋಡಿ ಕ್ರಾಸಿನ ಶಾಫ್ಟು ಮಾಡಿಸಬೇಕು, ಹೌಸಿಂಗನ್ನು ಅದಕ್ಕೆ ಮುಖಮಾಡಿ ತಿರುಗಿಸಬೇಕು, ಖರ್ಚೂ ಹೆಚ್ಚು.

ಅಳಿಯ ಜೀಪಿನ ಸುತ್ತ ಎರಡು ಸುತ್ತು ಹಾಕಿ ಬಂದ. 'ಎರಡು ಸಾಕು' ಎಂದ.

ಮುಂದಿನದು ಮೂರು ದಿನದ ಕೆಲಸ. ಜೆ.ಸಿ. ರಸ್ತೆಯಿಂದ ಎರಡು ಕ್ರಾಸು, ಹೊಸ ಸ್ಪ್ಲೈನಿನ ಜೋಡಿ ಬಂದವು. ಹಳೆಯ ಕೊಳವೆಯ ಬದಲು ಅರ್ಧ ಅಂಗುಲ ಉದ್ದದ ಹೊಸ ಕೊಳವೆ. ಎದುರಿನ ಲೇತಿನವರು ಅದನ್ನು ತಮ್ಮ ಹಳೆಯ ಎಚ್.ಎಂ.ಟಿ. ಲೇತಿಗೆ ಕಚ್ಚಿಸಿ, ಡಯಲ್ ಗೇಜಿನ ಮುಳ್ಳು ಅಲ್ಲಾಡದವರೆಗೆ ತಟ್ಟಿ ತಟ್ಟಿ ನೇರ ಮಾಡಿದ ಮೇಲೆಯೇ ಪೂರ್ತಿ ವೆಲ್ಡಿಂಗು. ಒಂದು ಕಡೆ ಬೆಸೆದರೆ ಕಾವಿಗೆ ಕೊಳವೆ ಆ ಕಡೆ ಎಳೆಯುತ್ತದೆಂದು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆದರು. ಪೀಣ್ಯದ ಕಡೆಯ ಒಂದು ಷೆಡ್ಡಿನಲ್ಲಿ ಯಂತ್ರದ ಮೇಲೆ ತಿರುಗಿಸಿ, ಹಗುರವಿದ್ದ ಕಡೆ ಉಗುರಿನಷ್ಟಗಲದ ತಗಡು ಅಂಟಿಸಿ ಸಮತೂಕ ಮಾಡಿಸಿದ್ದಾಯಿತು. ಜೋಡಿಸುವಾಗ ಮೇಸ್ತ್ರಿ ಕಪ್ಪುಗಳಲ್ಲಿ ಸೂಜಿಗಳು ಬೀಳದಂತೆ ಗ್ರೀಸು ಮೆತ್ತಿ, ವೈಸಿನಲ್ಲಿ ಮೆಲ್ಲಗೆ ಒತ್ತಿ ಕೂರಿಸಿದರು. ಒಂದು ಸೂಜಿ ಅಡ್ಡ ಬಿದ್ದರೂ ಸರ್ಕ್ಲಿಪ್ಪು ಕೂರುವುದಿಲ್ಲ. ಸುತ್ತಿಗೆ ಹಿಡಿಯಲು ಹೋದ ಅಳಿಯನ ಕೈಗೆ ಗ್ರೀಸ್ ಗನ್ನು ಕೊಟ್ಟು, ನಾಲ್ಕು ಕಪ್ಪಿನ ಅಂಚಿನಲ್ಲೂ ಹೊಸ ಗ್ರೀಸು ಇಣುಕುವವರೆಗೆ ಒತ್ತಿಸಿದರು. ಮಳೆಗಾಲದಲ್ಲಿ ಹಳ್ಳ ದಾಟಿದ ದಿನವೆಲ್ಲ ಹೀಗೇ ಮಾಡಬೇಕು ಎಂದು ಹೇಳಿಕೊಟ್ಟರು. ದಾರಿಯಲ್ಲಿ ಕೀಲು ಹೋದರೆ ಹಿಂದಿನ ಶಾಫ್ಟು ಬಿಚ್ಚಿಟ್ಟು, ನಾಲ್ಕು ಚಕ್ರಕ್ಕೆ ಹಾಕಿ, ಮುಂದಿನ ಚಕ್ರಗಳ ಮೇಲೆ ನಿಧಾನವಾಗಿ ಮನೆ ಸೇರುವ ಉಪಾಯವನ್ನೂ ಹೇಳಿದರು.

ಸಂಜೆ ಮೂವರೂ ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಹೋಗಿ ಬಂದೆವು. ಅರವತ್ತರಲ್ಲೂ ನಡುಕವಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯಲ್ಲ, ಕೇಳುತ್ತಿದ್ದರು. ಕೊನೆಗೆ 'ಈಗ ಏನೂ ಮಾತಾಡ್ತಿಲ್ಲ' ಎಂದರು.

ಜೀಪು ಊರಿಗೆ ಹೋದ ಮೇಲೆ ಒಂದು ಮಳೆಗಾಲ ಕಳೆಯಿತು. ಅಳಿಯ ಆಗಾಗ ಫೋನು ಮಾಡಿ ಗ್ರೀಸಿನ ಲೆಕ್ಕ ಒಪ್ಪಿಸುತ್ತಾನೆ. ಅಕ್ಕನಿಗೆ ಓರೆ, ಡಿಗ್ರಿ, ಕ್ರಾಸು ಇದೊಂದೂ ಗೊತ್ತಿಲ್ಲ. ಮೊನ್ನೆ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: 'ನನ್ನ ಸ್ಟೂಲು ಅಡಿಗೆಮನೆಗೆ ವಾಪಸು ಬಂತು ಕಣೋ. ಈಗ ಬಾಗಿಲ ಹಿಡಿ ಹಿಡಕೊಂಡು ನಾನೇ ಹತ್ತುತೀನಿ.'