ಘಟ್ಟದಲ್ಲಿ ನಿಂತ ವ್ಯಾನು

2009ರ ಏಪ್ರಿಲ್. ಹಾಸನದಲ್ಲಿ ಮಾಮು ತೀರಿಕೊಂಡರೆಂಬ ಸುದ್ದಿ ಬಂದಾಗ ನಾವು ಮಂಗಳೂರಿನಲ್ಲಿದ್ದೆವು. ಅಸರ್ ನಮಾಝಿನ ನಂತರ ದಫನ್. ಒಡಹುಟ್ಟಿದವನ ಮುಖ ಕೊನೆಯ ಸಲ ನೋಡಲೇಬೇಕೆಂದು ಅಮ್ಮಿಯ ಹಠ. ಹಳೆಯ ಕಾರ್ಬ್ಯುರೇಟರ್ ವ್ಯಾನಿನಲ್ಲೇ ಹೊರಟೆವು.

ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಮುಂದೆ ಲಾರಿಗಳ ಸಾಲು. ಒಂದನೇ ಗೇರಿನಲ್ಲಿ ತೆವಳುತ್ತಿದ್ದ ವ್ಯಾನು ಎರಡು ಸಲ ಮುಕ್ಕರಿಸಿ ನಿಂತೇಬಿಟ್ಟಿತು. ಇಂಜಿನ್ ಇರುವುದು ಮುಂದಿನ ಸೀಟಿನಡಿ. ಅಮ್ಮಿಯನ್ನು ಇಳಿಸದೆ ಅದರ ದರ್ಶನವಿಲ್ಲ. ಸೀಟು ಎತ್ತಿದೆವು. ತಾಪದ ಮುಳ್ಳು ನಡುವಿನಲ್ಲೇ ಇತ್ತು, ರೇಡಿಯೇಟರಿನ ದೋಷವಲ್ಲ. ಪ್ಲಗ್ಗು ಬಿಚ್ಚಿ ನೋಡಿದರೆ ಕಿಡಿ ನೀಲಿಯಾಗಿಯೇ ಹಾರಿತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು. ಅಲ್ಲಿಗೆ ನಮ್ಮ ವಿದ್ಯೆ ಮುಗಿಯಿತು. ಕಥೆ ಬರೆಯುವವರಿಗೆ ಇಷ್ಟು ಗೊತ್ತಿದ್ದದ್ದೇ ಹೆಚ್ಚು! ಸುಮ್ಮನೆ ಸೆಲ್ಫ್ ಹೊಡೆಯುತ್ತಿದ್ದೆವು.

ಹಿಂದಿನ ಲಾರಿಯ ಚಾಲಕ ಇಳಿದು ಬಂದ. "ಬ್ಯಾಟರಿ ಯಾಕೆ ಸಾಯಿಸ್ತೀರಿ ಸಾಬ್ರೆ?" ಎಂದವನೇ ಕಾರ್ಬ್ಯುರೇಟರಿಗೆ ಹೋಗುವ ಪೈಪು ಕಳಚಿ, ಬಾಟಲಿಗೆ ಹಿಡಿದು, ಒಮ್ಮೆ ಸೆಲ್ಫ್ ಹೊಡೆಸಿದ. ಪೆಟ್ರೋಲಿನ ಬದಲು ಬರೀ ಗುಳ್ಳೆ. ಬಿಸಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗಿತ್ತು. ಆ ಆವಿಯನ್ನು ದೂಡುವ ಶಕ್ತಿ ಪಂಪಿಗಿಲ್ಲ. "ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ತಣಿಯಲಿ."

ಕೆಂಪುಹೊಳೆ ಕೆಳಗೆ ಕಣಿವೆಯಲ್ಲಿ. ಕೈಗೆ ಸಿಗುವ ನೀರೆಂದರೆ ಅಮ್ಮಿ ವುಝೂಗೆಂದು ತಂದಿದ್ದ ಒಂದು ಕ್ಯಾನು. ಕೇಳಲು ನಮಗೆ ಬಾಯಿ ಬರಲಿಲ್ಲ. ಅಮ್ಮಿಯೇ ಕ್ಯಾನು ಚಾಚಿ, "ಹಾಕಪ್ಪಾ, ನಮಗೆ ತಯಮ್ಮುಮ್ ಇದೆ" ಎಂದರು. ಅವನಿಗೆ ಏನು ಅರ್ಥವಾಯಿತೋ, ಎರಡೂ ಕೈಯಲ್ಲಿ ಇಸಿದುಕೊಂಡ.

ಇಪ್ಪತ್ತು ನಿಮಿಷ ಕಾದ ಮೇಲೆ ಇಂಜಿನ್ ಚಾಲೂ ಆಯಿತು. ಚಾಲಕ ಹಣ ಮುಟ್ಟಲಿಲ್ಲ. ಸಕಲೇಶಪುರ ಸೇರುವುದರೊಳಗೆ ಇನ್ನೆರಡು ಸಲ ಟವೆಲು ನೆನೆಸಿದೆವು.

ಹಾಸನ ಮುಟ್ಟಿದಾಗ ಜನಾಝಾ ಇನ್ನೂ ಅಂಗಳದಲ್ಲಿತ್ತು. ಅಮ್ಮಿ ತಮ್ಮನ ಮುಖ ನೋಡಿದರು. ಕಬರಿಗೆ ಮೂರು ಹಿಡಿ ಮಣ್ಣು ಹಾಕುವಾಗಲೂ ನಮ್ಮ ಕೈಯ ಪೆಟ್ರೋಲ್ ವಾಸನೆ ಹೋಗಿರಲಿಲ್ಲ.