ರೆಕ್ಕೆ ಮೇಲೇಳದಿರಲಿ

ಊಟಿಯ ಬಾಡಿಗೆ ಕೋಣೆ, ಸಂಜೆ ಏಳು. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣದು. ಬೆರಳು ಮರಗಟ್ಟಿವೆ, ಆದರೂ ಹೀಟರ್ ಹಾಕುವಂತಿಲ್ಲ. ಕೈಯಲ್ಲಿರುವುದು ಈಥರ್, ಒಂದು ಕಿಡಿ ಸಾಕು.

ಬಾಟಲಿಗೆ ಕಿವಿಗೊಡಿ. ಗಾಜಿಗೆ ಮರಳು ತಾಕಿದಂಥ ಸದ್ದು: ಹಣ್ಣುನೊಣಗಳು. ಕೊಳೆತ ಬಾಳೆಹಣ್ಣಿನ ಹುಳಿ ಮೂಗಿಗೆ ಅಡರುತ್ತದೆ. ಪಕ್ಕದ ಗಾಜಿನ ನಳಿಕೆಗಳಲ್ಲಿ ಮಾತ್ರ ಕೇಸರಿಬಾತಿನ ಘಮ. ರವೆ, ಬೆಲ್ಲ, ಅಗರ್. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನೊಣಗಳಿಗೆ ಬೇಯಿಸುವ ಅಡುಗೆ. ಬೂಷ್ಟು ತಡೆಯುವ ಆಮ್ಲ ಬೆರೆಸದಿದ್ದರೆ ನೀವೇ ಒಂದು ಚಮಚ ತಿನ್ನುತ್ತಿದ್ದಿರೇನೋ.

ನಿನ್ನೆ ತಗ್ಗಿನ ಗೂಡಲೂರಿನಲ್ಲಿ ಹಿಡಿದವಕ್ಕಿಂತ ಇವು ದಪ್ಪ. 2,200 ಮೀಟರಿಗೂ ಎತ್ತರದ ಈ ಊರಿನ ಚಳಿಗೆ ಮರಿಹುಳು ನಿಧಾನವಾಗಿ ಬೆಳೆದು ದೊಡ್ಡ ನೊಣವಾಗುತ್ತದೆ, ಸರಿ. ಆದರೆ ಈ ಗಾತ್ರವೆಲ್ಲ ಚಳಿಯದೇ ಕೊಡುಗೆಯೋ, ತಾಯಿಯಿಂದಲೂ ಬಂದಿದೆಯೋ? ಎರಡೂರಿನ ಸಂತಾನವನ್ನು ಒಂದೇ 25 ಡಿಗ್ರಿಯಲ್ಲಿ ಸಾಕಿ ಅಳೆಯಬೇಕು. ಅದಕ್ಕೆ ಒಂದೊಂದು ಹೆಣ್ಣಿಗೂ ಒಂದೊಂದು ನಳಿಕೆ. ಒಂದು ಸತ್ತರೆ ಒಂದು ವಂಶವೇ ಹೋಯಿತು.

ಮತ್ತು ಬರಿಸಲು ಹತ್ತಿಗೆ ಈಥರ್. ಮುಚ್ಚಳ. ಎಣಿಸಿ.

ಹತ್ತು. ಗಂಟಲಲ್ಲಿ ಸಿಹಿ ವಾಕರಿಕೆ. 1999ರಲ್ಲಿ ಜ್ಯೂರಿಕ್‌ನ ಅರ್ನ್ಸ್ಟ್ ಹಾಫನ್ ತಂಡ ವಿವರಿಸಿದ ಜೀನ್ ನೆನಪಾಗುತ್ತದೆ: ‘ಚಿಕೊ’, ಸ್ಪ್ಯಾನಿಷ್‌ನಲ್ಲಿ ಪುಟ್ಟ. ಅದು ಕೆಟ್ಟರೆ ನೊಣದ ತೂಕ ಅರ್ಧಕ್ಕಿಂತ ಕಡಿಮೆ. ಆಕಾರ ಹಾಗೇ ಇರುತ್ತದೆ. ಜೀವಕೋಶಗಳು ಕಿರಿದು, ಲೆಕ್ಕದಲ್ಲೂ ಕಡಿಮೆ. ನಮ್ಮ ಮೈಯಲ್ಲಿ ಇನ್ಸುಲಿನ್ ಸುದ್ದಿ ಸಾಗುವಂಥದೇ ದಾರಿ ಅದು.

ಇಪ್ಪತ್ತು. ನೊಣಗಳು ಉದುರುತ್ತಿವೆ. ಈಗಲೇ ತೆಗೆದರೆ ಅರ್ಧ ಎಚ್ಚರದಲ್ಲಿ ಹಾರಿಹೋಗುತ್ತವೆ. ತಡೆದರೆ ಏಳುವುದೇ ಇಲ್ಲ. ತೆಗೆಯಲೇ? ಇನ್ನೊಂದು ಉಸಿರು. ತೆಗೆಯಿರಿ!

ಬಿಳಿ ಹಲಗೆಯ ಮೇಲೆ ಸುರಿದು ಭೂತಗನ್ನಡಿ ಹಿಡಿದು ಬಗ್ಗುತ್ತೀರಿ. ಒಂದರ ರೆಕ್ಕೆ ನೆಟ್ಟಗೆ ಮೇಲೆದ್ದಿದೆ. ಸತ್ತಿತು. ಇನ್ನೊಂದು, ಅದೂ. ಹೊಟ್ಟೆ ತೊಳಸುತ್ತದೆ. ಮೂರನೆಯದು ದೊಡ್ಡ ಹೆಣ್ಣು, ಚೂಪಾದ ಹಿಂಬದಿ; ರೆಕ್ಕೆ ಬೆನ್ನಿಗೊರಗಿವೆ. ಬ್ರಷ್ಷಿನ ತುದಿಯಿಂದ ನಳಿಕೆಗೆ ಜಾರಿಸಿ, ನಳಿಕೆಯನ್ನು ಅಡ್ಡ ಮಲಗಿಸುತ್ತೀರಿ. ನಿಲ್ಲಿಸಿದರೆ ಮತ್ತಿನಲ್ಲೇ ಮೇವಿಗೆ ಅಂಟಿ ಸಾಯುತ್ತದೆ.

ಕಾಯುತ್ತೀರಿ. ಹೊರಗೆ ಬಸ್ಸಿನ ಹಾರ್ನ್. ಹಿಂಗಾಲೊಂದು ಗಾಜನ್ನು ಗೀರುತ್ತದೆ.